ದಾರಿಯಲ್ಲಿ ಒಡೆದ ಜಾಡಿ

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಹೆಂಗಸು ಮೊದಲು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಬೆರಳ ಗೆಣ್ಣಿನಿಂದ ತಟ್ಟಿ ನೋಡುವಳು. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯು ಕಂಡುಹಿಡಿಯುವುದು. ಗಟ್ಟಿಯಾದ ಮಡಕೆಯು ಕಣಕಣನೆ ದನಿಗೊಡುವುದು. ಸೀಳಿದ್ದು ಬದ್ದೆಂದು ಸದ್ದುಮಾಡುವುದು. ಈ ಪರೀಕ್ಷೆಯಾದ ಮೇಲೆಯೇ ಆಕೆ ಸೆರಗಿನ ಗಂಟನ್ನು ಬಿಚ್ಚುವಳು. ಅನಂತರ ಮನೆಯ ದಾರಿಯಲ್ಲಿ ಎಡವಿ ಮಡಕೆಯನ್ನು ಒಡೆದುಕೊಂಡರೆ ತನ್ನ ಕಾಲನ್ನು ತಾನು ಬಯ್ದುಕೊಳ್ಳುವಳೇ ಹೊರತು ಕುಂಬಾರನನ್ನು ಬಯ್ಯಲಾರಳು. ಕೊಡುವವನೂ ಕೊಳ್ಳುವವಳೂ ಎದುರೆದುರಿಗೆ ಇದ್ದು, ಸರಕು ಇಬ್ಬರ ಕಣ್ಣೆದುರಿಗೂ ಇದ್ದು, ಕೈಯಿಂದ ಕೈಗೆ ದಾಟಿದ ಕ್ಷಣವು ಇಬ್ಬರಿಗೂ ತಿಳಿದಿರುವುದರಿಂದ ಅಲ್ಲಿ ನ್ಯಾಯವಿಚಾರಕ್ಕೆ ಅವಕಾಶವೇ ಕಡಮೆ.

ಅಂಚೆಯ ಮೂಲಕ ತರಿಸುವ ವ್ಯಾಪಾರದಲ್ಲಿ ಈ ಕ್ರಮವು ತಲೆಕೆಳಗಾಗುತ್ತದೆ. ಇಲ್ಲಿ ಗಂಟು ಬಿಚ್ಚುವುದು ಮೊದಲು, ತಟ್ಟಿ ನೋಡುವುದು ಆಮೇಲೆ. 1877ರಲ್ಲಿ ಈ ದೇಶದ ಅಂಚೆಯವರು ವಿ.ಪಿ. ಪದ್ಧತಿಯನ್ನು ತಂದಾಗ, ದೂರದ ವರ್ತಕನಿಗೆ ಮುಂಗಡವಾಗಿ ಹಣ ಕಳುಹಿಸುವ ಭಯವೇನೋ ತಪ್ಪಿತು. ಆದರೆ ಅಲ್ಲಿಯೂ ಹಣವು ಪೇದೆಯ ಕೈ ಸೇರಿದ ಮೇಲೆಯೇ ಕಟ್ಟು ಕೈಗೆ ಬರತಕ್ಕದ್ದು. ಕಟ್ಟಿನ ಒಳಗೇನಿದೆ ಎಂಬುದು ಹಣ ಕೊಟ್ಟವನಿಗೆ ಆಮೇಲೆಯೇ ತಿಳಿಯತಕ್ಕದ್ದು. (ಪುಸ್ತಕಗಳನ್ನು ವಿ.ಪಿ.ಯಲ್ಲಿ ಕಳುಹಿಸಿರೆಂದು ಬರೆದು, ಬಂದಾಗ ಮನೆಯಲ್ಲಿಲ್ಲವೆಂದು ಹೇಳಿಸಿ, ಎರಡು ದಾರಿಯ ಅಂಚೆಯ ವೆಚ್ಚವನ್ನೂ ಪ್ರಕಾಶಕನ ತಲೆಗೆ ಕಟ್ಟಿದ ಸಾಹಿತ್ಯಪ್ರಿಯರ ಕಥೆ ಬೇರೆ; ಅದನ್ನು ಇಲ್ಲಿ ತೆಗೆಯುವುದು ಬೇಡ.) ಮಾರಿದವನ ಕೈ ಬಿಟ್ಟು ಕೊಂಡವನ ಕೈ ಸೇರುವವರೆಗೆ ಸರಕು ಹಲವು ದಿನ ಇಬ್ಬರಿಗೂ ಕಾಣದೆ ಇರುವುದು. ಆ ಕತ್ತಲೆಯ ಅವಧಿಯಲ್ಲಿ ಅದು ಕೆಟ್ಟರೆ ನಷ್ಟವು ಯಾರದು? ಲೋಕವು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಕೇಳಿ ಅಲ್ಲಿಗೇ ನಿಲ್ಲುವುದು. ಇದರ ಹಿಂದೆ ಮತ್ತೊಂದು ಪ್ರಶ್ನೆಯುಂಟು: ಅದು ಕೆಟ್ಟದ್ದು ಆ ಅವಧಿಯಲ್ಲಿಯೇ ಎಂದು ಬಲ್ಲವರು ಯಾರು?

ವಿಚಾರವು ಬರಿಯ ಶಬ್ದದಲ್ಲಿ ನಿಲ್ಲದಿರಲು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ತಾಲ್ಲೂಕು ಪಟ್ಟಣವೊಂದರಲ್ಲಿ ಒಬ್ಬ ಗೃಹಸ್ಥರು. ಮಾವಿನ ಮಿಡಿಯ ಕಾಲ ಹತ್ತಿರವಾಗಿದೆ; ಮನೆಯ ಹಳೆಯ ಉಪ್ಪಿನಕಾಯಿ ಜಾಡಿಯ ಬಾಯಿ ಮುಕ್ಕಾಗಿದೆ. ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಖುರ್ಜಾ ಎಂಬ ಊರು ಪಿಂಗಾಣಿಯ ಕೆಲಸಕ್ಕೆ ಹೆಸರಾದದ್ದು. ಅಲ್ಲಿಯ ಒಬ್ಬ ಸಣ್ಣ ವ್ಯಾಪಾರಿಗೆ ಗೃಹಸ್ಥರು ಎರಡು ಜಾಡಿಗಳ ಹಣವನ್ನು ಕಳುಹಿಸಿದರು. ಹತ್ತನೆಯ ದಿನ ಪಾರ್ಸಲು ಬಂತು. ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ಬಿಚ್ಚಿ ನೋಡಿದರೆ ಒಂದು ಜಾಡಿ ಮೂರು ಹೋಳು. ಇನ್ನೊಂದು ನೋಡುವುದಕ್ಕೆ ಸರಿಯಾಗಿತ್ತು. ಮನೆಯ ಹುಡುಗ, ಹತ್ತು ವರ್ಷದವನು, ಉಳಿದ ಜಾಡಿಯನ್ನು ತಾನು ಒಳಗಿಡುವೆನೆಂದು ಉತ್ಸಾಹದಿಂದ ಎತ್ತಿಕೊಂಡು ಹೋಗುವಾಗ ಅದು ಅಡಿಗೆಯ ಮನೆಯ ಕಲ್ಲುಹೊಸ್ತಿಲಿಗೆ ತಾಗಿತು. ಒಡೆಯಲಿಲ್ಲ. ರಾತ್ರಿ ನೀರು ತುಂಬಿ ಇಟ್ಟು ಬೆಳಗ್ಗೆ ನೋಡಿದಾಗ ಬಾಯಿಂದ ಹೊಟ್ಟೆಯವರೆಗೆ ಕೂದಲಿನಂತಹ ಒಂದು ಗೆರೆಯಲ್ಲಿ ನೀರು ಒಸರಿ ನೆಲವೆಲ್ಲ ತೇವವಾಗಿತ್ತು.

ಅಷ್ಟರಲ್ಲಿ ಗೃಹಸ್ಥರು ವ್ಯಾಪಾರಿಗೆ ಸುದ್ದಿ ಮುಟ್ಟಿಸಿದ್ದರು, ಉತ್ತರವೂ ಬಂದಿತ್ತು. ಒಡೆದುದರ ಛಾಯಾಚಿತ್ರವನ್ನು ಕಳುಹಿಸಬೇಕು. ಎಷ್ಟು ಒಡೆದಿವೆಯೋ ಅಷ್ಟನ್ನು ತಮ್ಮ ವೆಚ್ಚದಲ್ಲಿಯೇ ಮತ್ತೆ ಕಳುಹಿಸುವೆವು. ಚೂರುಗಳನ್ನು ಹಿಂದಕ್ಕೆ ಕಳುಹಿಸಬೇಕಾಗಿಲ್ಲ. ಮರ್ಯಾದಸ್ಥನ ಉತ್ತರ. ಗೃಹಸ್ಥರ ಸಂಕಟಕ್ಕೆ ಆರಂಭವಾದದ್ದು ಈ ಮರ್ಯಾದೆಯಿಂದಲೇ.

ಅವರ ಹೆಂಡತಿಯ ತಮ್ಮನು ಅದೇ ಮನೆಯಲ್ಲಿದ್ದು ಬ್ಯಾಂಕಿನಲ್ಲಿ ಕೆಲಸಮಾಡುತ್ತಿರುವವನು. ಅವನು ಪೂರ್ವಪಕ್ಷವನ್ನು ಹೂಡಿದನು: “ಭಾವ, ಇದರಲ್ಲಿ ಯೋಚಿಸುವುದಕ್ಕೆ ಏನಿದೆ? ಎಷ್ಟು ಒಡೆದಿವೆ ಎಂದು ತಾನೆ ಅವರು ಕೇಳಿರುವುದು? ಎರಡು ಒಡೆದಿವೆ. ಎರಡು ಎಂದು ಬರೆಯಿರಿ. ಇದರಲ್ಲಿ ಸುಳ್ಳೆಲ್ಲಿ ಬಂತು? ನೂರು ಜಾಡಿ ಕಳುಹಿಸಿದರೆ ಇಷ್ಟು ಒಡೆಯುತ್ತವೆ ಎಂಬುದನ್ನು ವ್ಯಾಪಾರಿ ಮೊದಲೇ ಬೆಲೆಗೆ ಸೇರಿಸಿರುತ್ತಾನೆ. ಆ ಬೆಲೆಯನ್ನು ನೀವು ಕೊಟ್ಟೂ ಆಗಿದೆ. ಪಕ್ಕದ ಜಾಡಿ ಮೂರು ಹೋಳಾಗುವಂತಹ ಪೆಟ್ಟು ಬಿದ್ದ ಮೇಲೆ ಇದು ಮಾತ್ರ ಒಳಗೆ ಗಟ್ಟಿಯಾಗಿತ್ತೆಂದು ಯಾರು ಹೇಳಬಲ್ಲರು? ಹುಡುಗ ತಾಗಿಸಿದ್ದು ಒಂದು ನೆಪ.”

ಪೂರ್ವಪಕ್ಷವು ದುರ್ಬಲವಾದದ್ದಲ್ಲ. ಒಳ್ಳೆಯ ಮನೆಗಳಲ್ಲಿ ಅನ್ಯಾಯವು ಬಾಗಿಲನ್ನು ಮುರಿದು ಬರುವುದಿಲ್ಲ. ಹೀಗೆ ತರ್ಕದ ಕೈ ಹಿಡಿದು, ನೆಂಟನಂತೆ ಒಳಗೆ ಬರುವುದು. ಆದುದರಿಂದ ಇದನ್ನು ಕ್ರಮವಾಗಿ ಪರಿಶೀಲಿಸಬೇಕು.

ಮೊದಲನೆಯ ಜಾಡಿಯ ವಿಷಯದಲ್ಲಿ ಶಾಸ್ತ್ರವೂ ಕಾನೂನೂ ಮೌನವಾಗಿಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಹೊರೆಯನ್ನು ಸಾಗಿಸುವವನ ಮಾತು ಬರುತ್ತದೆ. ರಾಜನಿಂದಾಗಲಿ ದೈವದಿಂದಾಗಲಿ ಅಲ್ಲದೆ ಬೇರೆ ಕಾರಣದಿಂದ ಸರಕು ನಷ್ಟವಾದರೆ ಅದನ್ನು ವಾಹಕನೇ ತುಂಬಿಕೊಡತಕ್ಕದ್ದೆಂದು ಅಲ್ಲಿಯ ನಿಯಮ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಇದ್ದವನು. ಆದುದರಿಂದ ಈ ನಿಯಮವನ್ನು ಕನ್ನಡ ನಾಡಿಗೆ ಪರಸ್ಥಳದ್ದೆಂದು ಹೇಳುವಂತಿಲ್ಲ. ಎತ್ತಿನ ಮೇಲೆ ಹೇರು ಹೇರಿಕೊಂಡು ಹೋಗುತ್ತಿದ್ದವನಿಗೆ ಇದು ತಕ್ಕ ನಿಯಮವಾಗಿದ್ದಿತು. ಈಗಿನ ಸೋಜಿಗವೇನೆಂದರೆ, ರಾಜನೇ ವಾಹಕನಾಗಿ ನಿಂತಿರುವುದು! ರಾಜನಿಂದಾದ ನಷ್ಟಕ್ಕೆ ವಾಹಕನು ಹೊಣೆಯಲ್ಲ ಎಂಬ ಸ್ಮೃತಿಯ ಅಪವಾದವು ಹಾಗೆಯೇ ರಾಜವಾಹಕನಿಗೆ ರಕ್ಷೆಯಾದಂತೆ ಆಗಿದೆ. 1898ರ ಅಂಚೆಯ ಶಾಸನದಲ್ಲಿ, ಸರ್ಕಾರವು ತಾನಾಗಿ ಸ್ಪಷ್ಟವಾಗಿ ಒಪ್ಪಿಕೊಂಡ ಹೊಣೆಯನ್ನು ಬಿಟ್ಟು, ಕಳೆದುದಕ್ಕಾಗಲಿ ತಡವಾದುದಕ್ಕಾಗಲಿ ಕೆಟ್ಟುದಕ್ಕಾಗಲಿ ಜವಾಬ್ದಾರಿಯಿಲ್ಲವೆಂದು ಬರೆದಿದ್ದಿತು. ಅದನ್ನು ತೆಗೆದು 2023ರಲ್ಲಿ ಮಾಡಿ 2024ರಲ್ಲಿ ಜಾರಿಗೆ ತಂದ ಹೊಸ ಶಾಸನದಲ್ಲಿಯೂ, ನಿಯಮದಲ್ಲಿ ಗೊತ್ತುಮಾಡಿದ ಹೊಣೆಯಷ್ಟೇ ಅಂಚೆಯದು. ನೌಕರನು ವಂಚನೆಯಿಂದಲೋ ಬೇಕೆಂದೋ ನಷ್ಟಮಾಡಿದ ಹೊರತು ಅವನು ವೈಯಕ್ತಿಕವಾಗಿ ಹೊಣೆಯಾಗನು. ವಿಮೆ ಮಾಡಿಸಿ ಕಳುಹಿಸಿದ ಕಟ್ಟಿನ ಮಾತು ಬೇರೆ. ಅಲ್ಲಿ ವಿಮೆಯ ಮೊಬಲಗಿನ ಮಿತಿಯೊಳಗೆ ಪರಿಹಾರವುಂಟು. ಜಾಡಿಗೆ ವಿಮೆ ಮಾಡಿಸುವವರು ಎಲ್ಲಿದ್ದಾರೆ!

ಇದನ್ನು ಕೇಳಿ ಕೆರಳುವುದಕ್ಕೆ ಮುಂಚೆ ಒಂದು ಮಾತನ್ನು ನೆನೆಯುವುದು ಒಳ್ಳೆಯದು. ಬಾಗಿಲಿಗೆ ಬಂದ ಪೇದೆಯನ್ನು ಜನರು ಗದರಿಸುತ್ತಾರೆ. ಅವನು ಆ ಪೆಟ್ಟಿಗೆಯನ್ನು ಆ ಬೆಳಗ್ಗೆ ಮೊದಲ ಸಲ ಕಂಡವನು. ಅದಕ್ಕೆ ಮೊದಲು ಅದನ್ನು ಎಷ್ಟು ಕೈಗಳು ಎತ್ತಿದವೋ, ಎಷ್ಟು ಮೂಟೆಗಳು ಅದರ ಮೇಲೆ ಕುಳಿತವೋ ಬಲ್ಲವರಿಲ್ಲ. ಕಟ್ಟಕಡೆಯ ಕೈಯೇ ತಪ್ಪು ಮಾಡಿದ ಕೈಯೆಂದು ನಿರ್ಣಯಿಸುವುದು ಬಯ್ಯುವವನಿಗೆ ಸುಲಭವಷ್ಟೆ, ನ್ಯಾಯವಲ್ಲ.

ಹಾಗಾದರೆ ಮಾರಿದವನು? 1930ರ ಸರಕು ಮಾರಾಟದ ಶಾಸನದಂತೆ, ಸಾಗಿಸುವವನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಕೊಂಡವನಿಗೇ ಒಪ್ಪಿಸಿದಂತೆ. ಆದರೆ ಅದೇ ಶಾಸನವು ಮಾರುವವನ ಮೇಲೆ ಮತ್ತೊಂದು ಭಾರವನ್ನು ಹೊರಿಸಿದೆ: ಸರಕಿನ ಸ್ವಭಾವಕ್ಕೆ ತಕ್ಕಂತೆ ಸಾಗಣೆಯ ಏರ್ಪಾಟನ್ನು ಮಾಡತಕ್ಕದ್ದು, ಮಾಡದೆ ಹೋಗಿ ದಾರಿಯಲ್ಲಿ ಕೆಟ್ಟರೆ, ಆ ಒಪ್ಪಿಸುವಿಕೆಯನ್ನು ತನಗೆ ಒಪ್ಪಿಸಿದ್ದೆಂದು ಕೊಂಡವನು ಎಣಿಸಬೇಕಾಗಿಲ್ಲ. ಪರೀಕ್ಷಿಸಿ ನೋಡಲು ತಕ್ಕ ಅವಕಾಶ ದೊರೆಯುವವರೆಗೆ ಕೊಂಡವನು ಸರಕನ್ನು ಅಂಗೀಕರಿಸಿದನೆಂದೂ ಎಣಿಸತಕ್ಕದ್ದಲ್ಲ. ಯಂತ್ರಜಾಲದ ಮೂಲಕ ನಡೆಯುವ ವ್ಯಾಪಾರಕ್ಕೆ 2020ರಲ್ಲಿ ಮಾಡಿದ ನಿಯಮಗಳು ಇನ್ನೂ ಬಿಗಿಯಾಗಿವೆ. ದೋಷವುಳ್ಳ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆನೆಂದು ಮಾರುವವನು ಹೇಳಕೂಡದು. ಜಾಡಿಯ ಸ್ವಭಾವವು ಒಡೆಯುವುದು. ಅದನ್ನು ಬಲ್ಲವನು ಜಾಡಿಯ ಹೊಟ್ಟೆಯೊಳಗೂ ಹುಲ್ಲನ್ನೋ ಹೊಟ್ಟನ್ನೋ ತುಂಬಿ, ಮುಚ್ಚಳವನ್ನು ಬೇರೆ ಸುತ್ತಿ, ಒಂದಕ್ಕೊಂದು ತಾಗದಂತೆ ನಡುವೆ ಮೆತ್ತೆಯಿಟ್ಟು ಕಟ್ಟಬೇಕು. ಗೃಹಸ್ಥರ ಪೆಟ್ಟಿಗೆಯಲ್ಲಿ ಸುತ್ತಲೂ ಮೆತ್ತೆಯಿದ್ದಿತು. ಎರಡು ಜಾಡಿಗಳ ನಡುವೆ ಮಾತ್ರ ಒಂದು ಹಾಳೆ ರಟ್ಟು. ಒಂದು ಜಾಡಿಯೇ ಇನ್ನೊಂದಕ್ಕೆ ಸುತ್ತಿಗೆಯಾಯಿತು. ಆದುದರಿಂದ ಮೊದಲನೆಯ ಜಾಡಿ ವ್ಯಾಪಾರಿಯ ಲೆಕ್ಕಕ್ಕೆ ಸೇರತಕ್ಕದ್ದೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ಸಾಧುಗಳಾದ ಕೆಲವರ ಒಂದು ತಪ್ಪನ್ನು ತೋರಿಸಬೇಕಾಗಿದೆ. ಇಂಥವರು ಒಡೆದ ಸರಕು ಬಂದರೆ “ಹೋಗಲಿ, ಪಾಪ” ಎಂದು ಸುಮ್ಮನಾಗುವರು. ದೂರು ಹೇಳದಿರುವುದೇ ದೊಡ್ಡ ಗುಣವೆಂದು ಅವರ ಭಾವನೆ. ಅವರ ಮೌನದಿಂದ ವ್ಯಾಪಾರಿಯು ತನ್ನ ಕಟ್ಟುವ ಕ್ರಮ ಸರಿಯಾಗಿದೆಯೆಂದು ತಿಳಿದು, ಮುಂದಿನ ಮನೆಗೂ ಹಾಗೆಯೇ ಕಟ್ಟಿ ಕಳುಹಿಸುವನು. ಆ ಮನೆಯವರಿಗೆ ಅದು ತಿಂಗಳ ಉಳಿತಾಯವೆಲ್ಲ ಆಗಿರಬಹುದು. ತನ್ನ ಹಣವನ್ನು ಬಿಟ್ಟುಕೊಡಲು ಯಾರಿಗೂ ಅಧಿಕಾರವುಂಟು. ಮುಂದಿನವನ ಜಾಡಿಯನ್ನು ಬಿಟ್ಟುಕೊಡಲು ಅಧಿಕಾರವೆಲ್ಲಿಯದು?

ಇನ್ನು ಎರಡನೆಯ ಜಾಡಿ. ಇಲ್ಲಿ ಕಾನೂನಿನ ಪುಸ್ತಕವನ್ನು ಮುಚ್ಚಿಡಬೇಕಾಗುತ್ತದೆ. ಯಾತಕ್ಕೆಂದರೆ ಕಾನೂನು ಸಾಕ್ಷಿಯನ್ನು ಕೇಳುವುದು, ಇಲ್ಲಿ ಸಾಕ್ಷಿಯಾಗತಕ್ಕವರು ಆ ಮನೆಯವರ ಹೊರತು ಯಾರೂ ಇಲ್ಲ. ವ್ಯವಹಾರದಲ್ಲಿ ಹಣದ ಸಂಬಂಧವುಳ್ಳವನನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಾರದೆಂದು ಮನುಸ್ಮೃತಿ ವಿಧಿಸಿದೆ. ಲೋಕಾನುಭವದಿಂದ ಹುಟ್ಟಿದ ವಿಧಿಯದು. ಆದರೆ ಕಟ್ಟು ಬಿಚ್ಚುವ ಆ ಗಳಿಗೆಯಲ್ಲಿ ವಾದಿಯೂ ಅವನೇ, ಸಾಕ್ಷಿಯೂ ಅವನೇ. ಪ್ರತಿವಾದಿಯು ಎರಡು ಸಾವಿರ ಕಿಲೋಮೀಟರಿನಷ್ಟು ಆಚೆ ಕುಳಿತು, ಕಾಣದವನ ಮಾತನ್ನು ನಂಬಿ ತೀರ್ಪನ್ನು ತನಗೆ ವಿರೋಧವಾಗಿ ತಾನೇ ಬರೆದುಕೊಳ್ಳಬೇಕು. ಛಾಯಾಚಿತ್ರವುಂಟಲ್ಲ ಎಂದರೆ, ಚಿತ್ರವು ಒಡಕನ್ನು ತೋರಿಸಬಲ್ಲುದು; ಒಡೆದ ಹೊತ್ತನ್ನು ತೋರಿಸಲಾರದು. ಕೋರ್ಟಿನಲ್ಲಿ ಅನರ್ಹನಾದ ಸಾಕ್ಷಿಯನ್ನು ವ್ಯಾಪಾರವು ಬೇರೆ ಗತಿಯಿಲ್ಲದೆ ಅಂಗೀಕರಿಸಿದೆ. ಹಾಗೆ ಅಂಗೀಕರಿಸಲ್ಪಟ್ಟವನ ಮೇಲೆ, ಸಾಮಾನ್ಯ ಸಾಕ್ಷಿಗಿಂತ ಹೆಚ್ಚಿನ ಭಾರ ಬೀಳುವುದೋ ಕಡಮೆಯೋ?

“ಎರಡು ಒಡೆದಿವೆ ಎಂಬುದು ಸುಳ್ಳಲ್ಲ” ಎಂಬ ಭಾವಮೈದುನನ ಮಾತು ಇನ್ನೂ ಉಳಿದಿದೆ. ಯೋಗಸೂತ್ರಕ್ಕೆ ಭಾಷ್ಯ ಬರೆದ ವ್ಯಾಸರು ಸತ್ಯದ ಲಕ್ಷಣವನ್ನು ಹೇಳುವಾಗ ಶಬ್ದವು ವಸ್ತುವಿಗೆ ಹೊಂದಿದರೆ ಸಾಕೆಂದು ಬಿಡಲಿಲ್ಲ. ಮಾತಿರುವುದು ತನ್ನ ಅರಿವನ್ನು ಇನ್ನೊಬ್ಬನಿಗೆ ದಾಟಿಸುವುದಕ್ಕಾಗಿ. ಆದುದರಿಂದ ಅದು ವಂಚಿಸುವಂಥದಾಗಲಿ, ಭ್ರಾಂತಿಯದಾಗಲಿ, ಅರ್ಥವನ್ನು ಮುಟ್ಟಿಸದ ಬಂಜೆಮಾತಾಗಲಿ ಆಗಿರಕೂಡದೆಂದು ಅವರ ಅಭಿಪ್ರಾಯ. ಈ ವಂಚಿಸುವ ಮಾತಿಗೆ ವಾಚಸ್ಪತಿಮಿಶ್ರರು ಕೊಟ್ಟಿರುವ ಉದಾಹರಣೆ ದ್ರೋಣನಿಗೆ ಯುಧಿಷ್ಠಿರನು ಕೊಟ್ಟ ಉತ್ತರವೇ ಆಗಿದೆ. ಸತ್ತದ್ದು ಅಶ್ವತ್ಥಾಮವೇ ಹೌದು. ಆ ಹೆಸರಿನ ಆನೆ. ಕೇಳಿದವನು ಮಗನೆಂದು ತಿಳಿಯಲೆಂದೇ ಆಡಿದ ಮಾತದು. ವ್ಯಾಪಾರಿಯು ಎಷ್ಟು ಒಡೆದಿವೆ ಎಂದು ಬರೆದರೂ ಅವನು ಕೇಳಿದ್ದು ಎಷ್ಟು ಒಡೆದು ಬಂದವು ಎಂಬುದನ್ನು. ಅವನ ವಾಕ್ಯದ ಸಡಿಲನ್ನು ಹಿಡಿದು ಅವನ ನಂಬಿಕೆಯೊಳಗೆ ನುಸುಳುವುದು ಮತ್ತೊಂದು ಆನೆಯನ್ನು ಕೊಂದಂತೆ.

ಒಡೆಯುವುದನ್ನು ಮೊದಲೇ ಬೆಲೆಗೆ ಸೇರಿಸಿರುತ್ತಾನೆಂಬ ಮಾತಿಗೆ ಉತ್ತರವು ಇನ್ನೂ ಹತ್ತಿರದಲ್ಲಿದೆ. ಸೇರಿಸಿರುವುದು ನಿಜವೇ ಆದರೆ, ಸೇರಿಸಿದ ಆ ಭಾಗವನ್ನು ಕೊಡುವವರು ಯಾರು? ಮುಂದೆ ಜಾಡಿ ಕೊಳ್ಳುವ ಮನೆಗಳವರು. ಹುಡುಗನ ಕೈತಪ್ಪಿನ ಬೆಲೆಯನ್ನು, ಆ ಹುಡುಗನನ್ನು ಎಂದೂ ಕಾಣದ ಒಬ್ಬ ಗೃಹಿಣಿ ತನ್ನ ಉಪ್ಪಿನಕಾಯಿಯ ಖರ್ಚಿನಲ್ಲಿ ತೆರಬೇಕಾಗುವುದು. ಅಷ್ಟಕ್ಕೇ ಮುಗಿಯುವುದಿಲ್ಲ. ಈಚೆಗೆ ಕೆಲವು ವ್ಯಾಪಾರಿಗಳು, ಕಟ್ಟನ್ನು ಬಿಚ್ಚುವುದನ್ನು ಮೊದಲಿಂದ ಕಡೆಯವರೆಗೆ ಚಲಚ್ಚಿತ್ರವಾಗಿ ತೆಗೆದು ಕಳುಹಿಸಿದರೆ ಮಾತ್ರ ಪರಿಹಾರವೆಂದು ಷರತ್ತು ಹಾಕತೊಡಗಿದ್ದಾರೆ. ಅವರನ್ನು ಪೂರ್ಣವಾಗಿ ನಿಂದಿಸುವಂತಿಲ್ಲ. ಎಷ್ಟೋ ಸಲ ಮೋಸಹೋದವರು ಅವರು. ಆದರೆ ಒಂಟಿಯಾಗಿರುವ ಮುದುಕಿಯೊಬ್ಬಳಿಗೆ ಕಷಾಯದ ಗಾಜಿನ ಸೀಸೆ ಒಡೆದು ಬಂದಿತೆನ್ನಿ. ಒಂದು ಕೈಯಲ್ಲಿ ಮೊಬೈಲು ಫೋನನ್ನು ಹಿಡಿದು ಇನ್ನೊಂದು ಕೈಯಲ್ಲಿ ಕಟ್ಟು ಬಿಚ್ಚುವ ವಿದ್ಯೆ ಅವಳಿಗೆ ಬಾರದು. ಅವಳು ನಿಜವನ್ನೇ ಹೇಳುವಳು, ನಂಬುವವರಿಲ್ಲ. ಆ ನಂಬಿಕೆಯನ್ನು ಅವಳಿಗಿಂತ ಮೊದಲು ಯಾರೋ ಖರ್ಚುಮಾಡಿ ಮುಗಿಸಿದ್ದಾರೆ. ಎರಡನೆಯ ಜಾಡಿಯನ್ನು ಲೆಕ್ಕಕ್ಕೆ ಸೇರಿಸುವವನು ಕಸಿದುಕೊಳ್ಳುವುದು ಖುರ್ಜಾದ ವ್ಯಾಪಾರಿಯ ಜಾಡಿಯನ್ನು ಮಾತ್ರವಲ್ಲ. ಈ ಮುದುಕಿಯ ಮಾತಿನ ಬೆಲೆಯನ್ನು.

ಪೂರ್ವಪಕ್ಷದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಕಡೆಯ ಮಾತು: ಎರಡನೆಯದೂ ದಾರಿಯಲ್ಲಿಯೇ ಒಳಗೆ ಸೀಳಿದ್ದಿರಬಹುದು. ಇದು ನಿಜವಾದ ಸಂಶಯವಾದರೆ ಮುಚ್ಚಿಡಬೇಕಾದದ್ದಿಲ್ಲ. ದೋಷವು ಹೊರಬೀಳಲು ಕಾಲಬೇಕೆಂಬುದನ್ನು ಪೂರ್ವಿಕರೂ ಬಲ್ಲರು. ಕೊಂಡದ್ದನ್ನು ಪರೀಕ್ಷಿಸಲು ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಎಳೆಯುವ ಎತ್ತಿಗೆ ಐದು, ರತ್ನಕ್ಕೆ ಏಳು, ಕರೆಯುವ ಹಸುವಿಗೆ ಮೂರು ದಿನವೆಂದು ಯಾಜ್ಞವಲ್ಕ್ಯರು ಗೊತ್ತುಮಾಡಿದ್ದಾರೆ. ಬೀಜವು ಮೊಳೆಯಬೇಕು, ಹಸುವನ್ನು ಕೆಲವು ಹೊತ್ತು ಕರೆದು ನೋಡಬೇಕು, ಕಬ್ಬಿಣವು ಬಡಿದೊಡನೆ ತನ್ನ ಗುಣವನ್ನು ಹೇಳುವುದು. ಅವಧಿಯು ವಸ್ತುವಿನ ಸ್ವಭಾವವನ್ನು ಅನುಸರಿಸಿದೆಯೇ ಹೊರತು ಕೊಂಡವನ ಸೋಮಾರಿತನವನ್ನಲ್ಲ. ಆದುದರಿಂದ ಸಂಶಯವಿದ್ದವನು ಸಂಶಯವನ್ನು ಸಂಶಯವೆಂದೇ ಬರೆಯಬೇಕು. ನಿಶ್ಚಯದ ಅಂಗಿಯನ್ನು ಅದಕ್ಕೆ ತೊಡಿಸಬಾರದು. ನಿರ್ಣಯವು ವ್ಯಾಪಾರಿಗೆ ಬಿಟ್ಟದ್ದು.

ಗೃಹಸ್ಥರೂ ಹೀಗೆಯೇ ಬರೆಯಲು ನಿಶ್ಚಯಿಸಿ, ಒಂದು ಜಾಡಿ ಒಡೆದು ಬಂತು, ಇನ್ನೊಂದು ಮನೆಯಲ್ಲಿ ಹೊಸ್ತಿಲಿಗೆ ತಾಗಿ ಸೀಳಿತು, ದಾರಿಯಲ್ಲಿ ಅದಕ್ಕೂ ಪೆಟ್ಟಾಗಿದ್ದಿರಬಹುದು ಎಂದು ಮೂರು ವಾಕ್ಯಗಳನ್ನು ಬರೆದು ತಾಯಿಗೆ ಓದಿ ಹೇಳಿದರು. ಆ ಮುದುಕಿ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟಳು.

“ಕಡೆಯ ಮಾತನ್ನು ಹೊಡೆದುಹಾಕಪ್ಪ” ಎಂದಳು.

“ಯಾಕಮ್ಮ? ಇರಬಹುದು ಎಂದು ತಾನೆ ಬರೆದಿರುವುದು?”

“ನಿನಗೆ ಇರಬಹುದು. ನನಗೆ ಗೊತ್ತು. ಪೆಟ್ಟಿಗೆಯಿಂದ ತೆಗೆದೊಡನೆ ನಾನು ತಟ್ಟಿ ನೋಡಿದೆ. ಗಂಟೆಯ ಹಾಗೆ ದನಿಗೊಟ್ಟಿತು. ಆಮೇಲೆಯೇ ಮಗುವಿನ ಕೈಗೆ ಕೊಟ್ಟದ್ದು.”

ಭಾವಮೈದುನನು ನಕ್ಕು, “ಅಮ್ಮ, ನೀವು ತಟ್ಟಿದ್ದನ್ನು ಕೇಳಿದವರು ಯಾರೂ ಇಲ್ಲವಲ್ಲ” ಎಂದನು. ಮುದುಕಿ ಅದಕ್ಕೆ ಉತ್ತರ ಕೊಡದೆ ಮತ್ತೆ ಮೊರವನ್ನು ತೆಗೆದುಕೊಂಡಳು.

ಮೂರನೆಯ ವಾಕ್ಯವು ಕಾಗದದಿಂದ ಹೋಯಿತು. ಅದರ ಸ್ಥಳದಲ್ಲಿ ಗೃಹಸ್ಥರು ಎರಡು ಜಾಡಿಗಳ ನಡುವೆ ಮೆತ್ತೆ ಸಾಲದೆ ಇದ್ದುದನ್ನೂ, ಒಳಗೆ ಏನೂ ತುಂಬಿರಲಿಲ್ಲವೆಂಬುದನ್ನೂ ಬಯ್ಗುಳವಿಲ್ಲದೆ ತಿಳಿಸಿ, ಒಂದು ಜಾಡಿಯನ್ನು ಬದಲಾಗಿಯೂ ಇನ್ನೊಂದನ್ನು ಬೆಲೆಗೂ ಕಳುಹಿಸಬೇಕೆಂದು ಬರೆದು, ಆ ಒಂದರ ಹಣವನ್ನು ಕಳುಹಿಸಿದರು. ಹುಡುಗನಿಗೆ ಇದೆಲ್ಲ ಕೇಳಿಸುತ್ತಲೇ ಇದ್ದಿತು. ತನ್ನ ತಪ್ಪಿಗೆ ತಂದೆ ಹಣ ಕಟ್ಟಿದರೆಂದು ಅವನು ಎರಡು ದಿನ ಮಾತಾಡಲಿಲ್ಲ. ಯಾರೂ ಅವನನ್ನು ಬಯ್ದಿರಲಿಲ್ಲವಾದ್ದರಿಂದ ಸಮಾಧಾನ ಹೇಳುವುದೂ ಕಷ್ಟವಾಯಿತು.

ಹೊಸ ಪೆಟ್ಟಿಗೆ ಬರುವ ಹೊತ್ತಿಗೆ ಮಿಡಿಯ ಕಾಲ ಮುಗಿಯುತ್ತ ಬಂದಿದ್ದಿತು. ಈ ಸಲ ಜಾಡಿಗಳ ಹೊಟ್ಟೆಯ ತುಂಬ ಭತ್ತದ ಹೊಟ್ಟು, ನಡುವೆ ಮೂರು ಬೆರಳು ದಪ್ಪದ ಹುಲ್ಲಿನ ಮೆತ್ತೆ. ಅಜ್ಜಿ ಒಂದು ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗನನ್ನು ಕರೆದು, ಬೆರಳನ್ನು ಹೇಗೆ ಮಡಿಸಬೇಕೆಂದು ತೋರಿಸಿ, ತಟ್ಟಲು ಹೇಳಿದಳು. ಸೀಳಿದ ಜಾಡಿಯಲ್ಲಿ ಎಣ್ಣೆ ನೀರು ನಿಲ್ಲುವುದಿಲ್ಲ. ಅದರಲ್ಲಿ ಒಣಮೆಣಸಿನಕಾಯಿಯನ್ನು ತುಂಬಿ ಅಟ್ಟದ ಮೇಲೆ ಇಟ್ಟಿದ್ದಾರೆ.